ಕಿರಾಣಿ ಚೀಟಿ

ತಿಂಗಳ ಮೊದಲ ವಾರ ಪುಣೆಯ ಖಡಕಿ ಬಾಜಾರಿನಲ್ಲಿ ಯಾವ ಕಿರಾಣಿ ಅಂಗಡಿಯ ಮುಂದೆ ನಿಂತರೂ ಕೈಯಲ್ಲಿ ಚೀಟಿ ಹಿಡಿದ ಹೆಂಗಸರು ಕಾಣುತ್ತಾರೆ. ಒಬ್ಬಳ ಚೀಟಿ ಮರಾಠಿಯಲ್ಲಿ, ಇನ್ನೊಬ್ಬಳದು ಹಿಂದಿಯಲ್ಲಿ. ತಮಿಳಿನಲ್ಲಿ ಬರೆದುಕೊಂಡು ಬಂದು ಅಂಗಡಿಯವನಿಗೆ ಹಿಂದಿಯಲ್ಲಿ ಓದಿ ಹೇಳುವವರೂ ಇದ್ದಾರೆ. ನನ್ನ ಚೀಟಿ ಕನ್ನಡದ್ದು. ಇಷ್ಟು ಭಾಷೆ ಇಲ್ಲಿ ಸೇರಿದ್ದಕ್ಕೆ ಕಾರಣ ಇದೆ, ಖಡಕಿ ದಂಡಿನ ಊರು. 1817ರ ನವೆಂಬರ್ 5ರಂದು ಪೇಶ್ವೆಯ ಸೈನ್ಯಕ್ಕೂ ಇಂಗ್ಲಿಷರಿಗೂ ಕಾಳಗ ನಡೆದದ್ದು ಇಲ್ಲೇ. ಆಮೇಲೆ ಛಾವಣಿ ಬಂತು, 1869ರಲ್ಲಿ ಮದ್ದುಗುಂಡಿನ ಕಾರ್ಖಾನೆ ಬಂತು, ಕಾರ್ಖಾನೆಯ ಹಿಂದೆ ಸೊಲ್ಲಾಪುರದವರು, ವಿಜಯಪುರದವರು, ಕಲಬುರಗಿಯವರು, ತೆಲುಗರು, ತಮಿಳರು ಎಲ್ಲ ಬಂದರು. ನನ್ನ ಮಾವನವರೂ ಅಲ್ಲೇ ದುಡಿದು ನಿವೃತ್ತರಾದವರು. ನಮ್ಮ ಮನೆಯವರಿಗೆ ಆ ಕಾಯಂ ನೌಕರಿ ಸಿಗಲಿಲ್ಲ. ಭೋಸರಿಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಅವರ ಕೆಲಸ. ಮನೆಯಲ್ಲಿ ಅತ್ತೆ, ನಾವಿಬ್ಬರು, ಬೆಳೆಯುವ ಇಬ್ಬರು ಮಕ್ಕಳು. ಬಾಡಿಗೆ, ಶಾಲೆಯ ಫೀ, ಗ್ಯಾಸು, ಅತ್ತೆಯ ಬಿಪಿ ಗುಳಿಗೆ ಇವಿಷ್ಟು ತೆಗೆದ ಮೇಲೆ ಪಗಾರದಲ್ಲಿ ಉಳಿದದ್ದೇ ಕಿರಾಣಿಯ ದುಡ್ಡು.

ಇಷ್ಟು ದುಡ್ಡಿನಲ್ಲಿ ಹೊಟ್ಟೆ ತುಂಬಿಸುವುದು ಕಷ್ಟವಲ್ಲ. ಅನ್ನ, ತೆಳ್ಳನೆಯ ಸಾರು, ಚಹಾ, ಟೋಸ್ಟು ಇದ್ದರೆ ಹೊಟ್ಟೆ ತುಂಬುತ್ತದೆ. ಮಕ್ಕಳ ಎಲುಬು ಗಟ್ಟಿಯಾಗುವ ಹಾಗೆ, ದುಡಿಯುವವರಿಗೆ ಮಧ್ಯಾಹ್ನ ಮೂರಕ್ಕೆ ಕೈಕಾಲು ಸೋಲದ ಹಾಗೆ, ಮುದುಕಿಯ ಹಲ್ಲಿಗೆ ಒಗ್ಗುವ ಹಾಗೆ, ಎಲ್ಲರೂ ಇಷ್ಟಪಟ್ಟು ಎರಡನೇ ಸಲ ಹಾಕಿಸಿಕೊಳ್ಳುವ ಹಾಗೆ ಉಣ್ಣಿಸುವುದು ಬೇರೆ ಮಾತು. ಅದಕ್ಕೆ ವಿದ್ಯೆ ಬೇಕು. ಆ ವಿದ್ಯೆ ನಮ್ಮ ಕಡೆಯ ಹೆಂಗಸರಲ್ಲಿ ತಲೆಮಾರುಗಳಿಂದ ಇತ್ತು. ಅದನ್ನು ಬಡವರ ಅಡುಗೆ ಎಂದು ನಾವೇ ಹಿಂದಕ್ಕೆ ಸರಿಸಿದೆವು ಅನ್ನುವುದು ನನ್ನನ್ನು ಸದಾ ಕಾಡುವ ಸಂಗತಿ.

ನನ್ನ ಅತ್ತೆ ಓದು ಬರಹ ಬಾರದವರು, ಆದರೆ ಕಿರಾಣಿ ಚೀಟಿ ಬರೆಸುವಾಗ ಯಾವುದನ್ನು ಮೊದಲು ಬರೆಯಬೇಕು ಅನ್ನುವುದರಲ್ಲಿ ಅವರು ಬಹಳ ಬಿಗಿ. ಮೊದಲು ಜೋಳ, ಆಮೇಲೆ ತೊಗರಿಬೇಳೆ, ಕಡಲೆಬೇಳೆ, ಮಡಕಿ, ಹೆಸರು, ಶೇಂಗಾ, ಎಣ್ಣೆ, ಬೆಲ್ಲ. ಚಹಾಪುಡಿ, ಸಕ್ಕರೆ, ಸಾಬೂನು ಕೊನೆಗೆ. "ಚಾಪುಡಿ, ಸಕ್ಕರಿ, ಸಾಬಾಣ ಮ್ಯಾಲ ಬರದ್ರ ಬ್ಯಾಳಿ ಕೆಳಗ ಬೀಳ್ತದ. ರೊಕ್ಕ ಕಮ್ಮಿ ಬಿದ್ದಾಗ ಕೆಳಗಿಂದ ಕಾಟ್ ಹೊಡಿತೀವಿ ನೋಡು, ಹೊಡ್ತ ಬ್ಯಾಳಿಗೆ ಬೀಳ್ತದ" ಅನ್ನುತ್ತಾರೆ. ನಾನು ಆಮೇಲೆ ಬಹಳ ಮನೆಗಳ ಚೀಟಿ ನೋಡಿದ್ದೇನೆ. ಬಿಸ್ಕಿಟು, ನೂಡಲ್ಸು, ಟೋಸ್ಟು, ಖಾರಿ ಮೇಲೆ ಬರೆದಿರುತ್ತದೆ, ಬೇಳೆ "ಪಾವ್ ಕಿಲೋ" ಎಂದು ಕೆಳಗೆಲ್ಲೋ ಇರುತ್ತದೆ. ಮಕ್ಕಳು ಕೇಳುತ್ತವೆ, ಬಂದವರಿಗೆ ಚಹಾದ ಜೊತೆ ಏನಾದರೂ ಇಡಬೇಕು, ಅದೆಲ್ಲ ನಿಜವೇ. ಆದರೆ ದುಡ್ಡು ಸಾಲದ ಮನೆಯಲ್ಲಿ ಒಂದು ಪ್ಯಾಕೆಟ್ಟು ಒಳಗೆ ಬಂತೆಂದರೆ ಅದು ಬೇಳೆಯ ಜಾಗದಲ್ಲೇ ಬಂದು ಕೂತಿರುತ್ತದೆ.

ಜೋಳದ ವಿಷಯ ಸ್ವಲ್ಪ ನಿಧಾನವಾಗಿ ಹೇಳಬೇಕು, ಅದು ನನಗೆ ಪ್ರಿಯವಾದದ್ದು. ಹಿಂಗಾರಿನ ಬಿಳಿಜೋಳ, ಅದರಲ್ಲೂ ಮಾಲ್ದಂಡಿ, ಭೀಮೆಯ ಎರಡೂ ದಂಡೆಯ ಕಪ್ಪು ನೆಲದ ಬೆಳೆ. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆಯ ಜೋಳಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಇದೆ. ನನ್ನ ತವರು ಇಂಡಿ ತಾಲೂಕು, ಅಲ್ಲಿಯೂ ಅದೇ ನೆಲ, ಅದೇ ಜೋಳ. ಫೆಬ್ರವರಿ, ಮಾರ್ಚಿನಲ್ಲಿ ರಾಶಿಯಾದ ಮೇಲೆ ಅಣ್ಣ ಒಂದು ಚೀಲ ಕಟ್ಟಿಸಿ ಪುಣೆಯ ಸ್ವಾರಗೇಟಿಗೆ ಬರುವ ಬಸ್ಸಿನ ಮೇಲೆ ಹಾಕಿಸುತ್ತಾನೆ. ಜೋಳ ಬಂದ ದಿನ ಅತ್ತೆ ಒಂದು ಮುಷ್ಟಿ ತೆಗೆದು ಅಂಗೈ ಮೇಲೆ ಹರಡಿ ನೋಡುತ್ತಾರೆ. ಕಾಳು ದುಂಡಗಿರಬೇಕು, ಮುತ್ತಿನ ಹಾಗೆ ಹೊಳಪಿರಬೇಕು, ಹಲ್ಲಿನಲ್ಲಿ ಕಚ್ಚಿದರೆ ಕಟ್ ಅನ್ನಬೇಕು. ಮೆತ್ತಗಿದ್ದರೆ ಇನ್ನೂ ಹಸಿ ಇದೆ ಎಂದು ಅರ್ಥ. ಅದನ್ನು ಎರಡು ಮೂರು ದಿನ ಬಿಸಿಲಿಗೆ ಹಾಕಿ, ಒಣಗಿದ ಬೇವಿನೆಲೆ ಬೆರೆಸಿ, ತಗಡಿನ ಡಬ್ಬಿಯಲ್ಲಿ ತುಂಬಿ ಮುಚ್ಚಳ ಬಿಗಿಯುತ್ತೇವೆ.

ಗಿರಣಿಗೆ ಜೋಳ ಒಯ್ಯುವಾಗ ವಾರಕ್ಕೆ ಬೇಕಾದಷ್ಟನ್ನೇ ಒಯ್ಯಬೇಕು. ಜೋಳದ ಹಿಟ್ಟು ಹಳೆಯದಾದಷ್ಟೂ ಜಿಗಿ ಕಳೆದುಕೊಳ್ಳುತ್ತದೆ, ತಟ್ಟುವಾಗ ಅಂಚು ಸೀಳುತ್ತದೆ. ಹೊಸ ಹಿಟ್ಟಿಗೆ ಕುದಿಯುವ ಎಸರು ಹಾಕಿ, ಕೈ ಸುಡದಷ್ಟು ಆರಿದ ಮೇಲೆ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿದರೆ ಹಿಟ್ಟು ಬೆಣ್ಣೆಯಂತೆ ಬರುತ್ತದೆ. ತಟ್ಟಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲ್ಮೈಗೆ ನೀರಿನ ಬಟ್ಟೆ ಸವರಿ, ನೀರು ಆರುವಷ್ಟರಲ್ಲಿ ತಿರುವಿ, ಕೊನೆಗೆ ಉರಿಗೆ ಹಿಡಿದಾಗ ಅದು ಪೂರಿಯಂತೆ ಉಬ್ಬುತ್ತದೆ. ಆ ರೊಟ್ಟಿ ಎರಡು ತಿಂದವನಿಗೆ ನಾಲ್ಕು ತಾಸು ಹಸಿವಾಗುವುದಿಲ್ಲ. ನಮ್ಮ ಮನೆಯವರು ಡಬ್ಬಿಯಲ್ಲಿ ಚಪಾತಿ ಒಯ್ದ ದಿನ ಸಂಜೆ ದಾರಿಯಲ್ಲಿ ವಡಾಪಾವ್ ತಿಂದು ಬರುತ್ತಾರೆ, ರೊಟ್ಟಿ ಒಯ್ದ ದಿನ ನೇರ ಮನೆಗೆ ಬರುತ್ತಾರೆ. ಗ್ಯಾಸಿನ ಮುಂದೆ ಒಂದೇ ಸಲ ಕುಳಿತು ಖಡಕ್ ರೊಟ್ಟಿ ಮಾಡಿ ಬಟ್ಟೆಯಲ್ಲಿ ಸುತ್ತಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ನಾನು ಜ್ವರ ಬಂದು ಮಲಗಿದರೂ ಮನೆಯಲ್ಲಿ ಉಪವಾಸ ಬೀಳುವ ಮಾತಿಲ್ಲ.

ಆದರೆ ಒಂದು ಮಾತನ್ನು ಮುಚ್ಚಿಡಬಾರದು. ಜೋಳ ಈಗ ಅಗ್ಗದ ಧಾನ್ಯವಲ್ಲ. ಬಡವರ ಕಾಳು ಎಂದು ಕರೆಸಿಕೊಂಡದ್ದು ಇವತ್ತು ಪುಣೆಯ ಅಂಗಡಿಯಲ್ಲಿ ಎಷ್ಟೋ ಸಲ ಗೋಧಿಗಿಂತ ತುಟ್ಟಿ. ಹೀಗಾದದ್ದಕ್ಕೆ ಕಾರಣ ಇದೆ. ರೇಷನ್ ಅಂಗಡಿಯಲ್ಲಿ ವರ್ಷಾನುಗಟ್ಟಲೆ ಹೆಚ್ಚಾಗಿ ಗೋಧಿ, ಅಕ್ಕಿಯನ್ನೇ ಕೊಟ್ಟರು, ಸರ್ಕಾರ ದೊಡ್ಡ ಪ್ರಮಾಣದಲ್ಲಿ ಖರೀದಿಸಿದ್ದೂ ಅವನ್ನೇ. ಜೋಳ ಬೆಳೆಯುವವನು ಕಬ್ಬಿಗೆ, ತೊಗರಿಗೆ ಹೊರಳಿದ. ರೇಷನ್ನಿನ ಜೋಳ ಎಂದರೆ ಅತ್ತೆಗೆ 1972ರ ಬರದ ನೆನಪು, ಆ ಮಾತು ಬಂದರೆ ಅವರು ಈಗಲೂ ಸುಮ್ಮನಾಗುವುದಿಲ್ಲ. ಹೊರದೇಶದಿಂದ ಬಂದ ಕೆಂಪು ಜೋಳ, ಮಿಲೋ ಎಂದು ಕರೆಯುತ್ತಿದ್ದರು, ಅದನ್ನು ರೇಷನ್ನಿನಲ್ಲಿ ತಂದು ತಿಂದದ್ದು. ರೊಟ್ಟಿ ತಟ್ಟಿದರೆ ನಿಲ್ಲುತ್ತಿರಲಿಲ್ಲವಂತೆ, ರುಚಿಯೂ ಇರಲಿಲ್ಲವಂತೆ. "ಖರೇ, ಆದ್ರ ಜೀವ ಉಳಸ್ತು" ಎಂದು ಮುಗಿಸುತ್ತಾರೆ. ಬೈದದ್ದನ್ನೂ ಋಣವನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಗುಣ ನನಗೆ ಬಹಳ ಹಿಡಿಸುತ್ತದೆ.

ಜೋಳ ತುಟ್ಟಿಯಾದ್ದರಿಂದ ನಮ್ಮಲ್ಲಿ ಮಧ್ಯಾಹ್ನದ ಡಬ್ಬಿಗೆ ರೊಟ್ಟಿ, ರಾತ್ರಿಗೆ ಚಪಾತಿ ಅಥವಾ ಅನ್ನ. ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡುತ್ತೇನೆ. ವರ್ಷದ ಜೋಳ, ವರ್ಷದ ಬೇಳೆ ಒಟ್ಟಿಗೆ ಕೊಂಡರೆ ಉಳಿತಾಯ ಎಂದು ಎಲ್ಲರೂ ಉಪದೇಶ ಮಾಡುತ್ತಾರೆ. ಒಟ್ಟಿಗೆ ಕೊಳ್ಳಲು ಒಟ್ಟಿಗೆ ದುಡ್ಡು ಬೇಕಲ್ಲ! ಕೈಯಲ್ಲಿ ದುಡ್ಡಿಲ್ಲದವನು ಐವತ್ತು ಗ್ರಾಂ ಎಣ್ಣೆ, ಹತ್ತು ರೂಪಾಯಿಯ ಬೇಳೆ ಎಂದು ಕೊಂಡು ಕೊಂಡು ವರ್ಷದ ಕೊನೆಗೆ ಉಳ್ಳವನಿಗಿಂತ ಹೆಚ್ಚು ತೆತ್ತಿರುತ್ತಾನೆ. ಅಂಗಡಿಯ ಉಧಾರಿ ವಹಿಯಲ್ಲಿ ಹೆಸರು ಬಿದ್ದರಂತೂ ಅಂಗಡಿಯವನು ಕೊಟ್ಟ ಮಾಲೇ ಮಾಲು, ಹೇಳಿದ ಬೆಲೆಯೇ ಬೆಲೆ. ಇದಕ್ಕೆ ನಮ್ಮ ಓಣಿಯ ಹೆಂಗಸರು ಕಂಡುಕೊಂಡ ದಾರಿ ಭಿಶಿ. ತಿಂಗಳಿಗೆ ಇಷ್ಟು ಎಂದು ಎಲ್ಲರೂ ಹಾಕುವುದು, ಪ್ರತಿ ತಿಂಗಳು ಒಬ್ಬಳು ಪೂರ್ತಿ ಎತ್ತುವುದು. ಬೇರೆಯವರು ದೀಪಾವಳಿಯ ತಿಂಗಳಿಗೆ, ಶಾಲೆ ತೆರೆಯುವ ತಿಂಗಳಿಗೆ ಆಸೆಪಡುತ್ತಾರೆ. ನಾನು ಮಾರ್ಚಿನ ಪಾಳಿಯನ್ನು ಕೇಳಿ ತೆಗೆದುಕೊಳ್ಳುತ್ತೇನೆ. ಆ ದುಡ್ಡಿನಲ್ಲಿ ಜೋಳ ಬರುತ್ತದೆ, ಕಲಬುರಗಿಯ ಕಡೆಯಿಂದ ತೊಗರಿಬೇಳೆ ಬರುತ್ತದೆ, ಮೆಣಸಿನಕಾಯಿ, ಹುಣಸೆಹಣ್ಣು ಬರುತ್ತದೆ. ಆಮೇಲಿನ ತಿಂಗಳುಗಳ ಚೀಟಿ ಅರ್ಧಕ್ಕೆ ಇಳಿಯುತ್ತದೆ.

ಬೇಳೆ, ಕಾಳುಗಳ ಮೇಲೆ ನಾನು ಇಷ್ಟು ಜೋರು ಮಾಡುವುದಕ್ಕೆ ಲೆಕ್ಕ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಹೇಳಿರುವಂತೆ 65 ಕಿಲೋ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕಿಲೋ ತೂಕದ ಹೆಂಗಸಿಗೆ 46 ಗ್ರಾಂ ಪ್ರೋಟೀನು ಬೇಕು. ನೂರು ಗ್ರಾಂ ತೊಗರಿಬೇಳೆಯಲ್ಲಿ ಸುಮಾರು 22 ಗ್ರಾಂ, ಶೇಂಗಾದಲ್ಲಿ 25ರ ಆಸುಪಾಸು, ಸೋಯಾ ಚಂಕ್ಸಿನಲ್ಲಿ 50ರ ಮೇಲೆ. ಒಂದು ಕೋಳಿಮೊಟ್ಟೆಯಲ್ಲಿ ಆರು ಗ್ರಾಂ. ಅಂದರೆ ಐವತ್ತು ಗ್ರಾಂ ಸೋಯಾ ನಾಲ್ಕು ಮೊಟ್ಟೆಗೆ ಸಮ, ಬೆಲೆಯಲ್ಲಿ ಒಂದೆರಡು ಮೊಟ್ಟೆಗಿಂತ ಹೆಚ್ಚಲ್ಲ. ಮಕ್ಕಳಿಗೆ ಅದರ ವಾಸನೆ ಆಗುವುದಿಲ್ಲ ಎಂದು ಬಹಳ ಜನ ಬಿಡುತ್ತಾರೆ. ಉಪ್ಪು ಹಾಕಿದ ಬಿಸಿನೀರಿನಲ್ಲಿ ನೆನೆಸಿ, ಎರಡು ಸಲ ಹಿಂಡಿ, ನೀರು ಚೆಲ್ಲಿ, ಸಣ್ಣಗೆ ಕೊಚ್ಚಿ ಈರುಳ್ಳಿ, ಬೆಳ್ಳುಳ್ಳಿ, ಖಾರದ ಜೊತೆ ಎಣ್ಣೆಯಲ್ಲಿ ಕೆಂಪಗೆ ಹುರಿದರೆ ಆ ವಾಸನೆ ಉಳಿಯುವುದಿಲ್ಲ. ನನ್ನ ಮಗ ಅದನ್ನು ರೊಟ್ಟಿಯಲ್ಲಿ ಸುತ್ತಿಕೊಂಡು ಶಾಲೆಗೆ ಒಯ್ಯುತ್ತಾನೆ.

ಇನ್ನೂ ಒಂದು ಗುಟ್ಟು ನಮ್ಮ ಊಟದಲ್ಲಿ ಮೊದಲಿಂದ ಇದೆ. ಜೋಳ, ಅಕ್ಕಿ, ಗೋಧಿಗಳ ಪ್ರೋಟೀನಿನಲ್ಲಿ ಲೈಸಿನ್ ಕಡಿಮೆ. ಬೇಳೆಗಳಲ್ಲಿ ಅದು ಧಾರಾಳ, ಆದರೆ ಅಲ್ಲಿ ಮೆಥಿಯೋನಿನ್ ಕಡಿಮೆ. ಎರಡೂ ಒಂದೇ ತಟ್ಟೆಗೆ ಬಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ರೊಟ್ಟಿಯ ಜೊತೆ ಜುಣಕ, ಅನ್ನದ ಜೊತೆ ಬೇಳೆಸಾರು, ಚಪಾತಿಯ ಜೊತೆ ಮಡಕಿಕಾಳಿನ ಪಲ್ಯ ಎಂದು ಜೋಡಿ ಕಟ್ಟಿದವರು ಈ ಹೆಸರುಗಳನ್ನು ಕೇಳಿದವರಲ್ಲ, ಉಂಡವರ ಮೈ ನೋಡಿ ಕಲಿತವರು. ಮೈಸೂರಿನಲ್ಲಿ 1950ರಲ್ಲಿ ಶುರುವಾದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಅಪೌಷ್ಟಿಕ ಮಕ್ಕಳಿಗಾಗಿ ಒಂದು ಹಿಟ್ಟು ತಯಾರಿಸಿತ್ತು. ಅದರಲ್ಲಿ ಮುಕ್ಕಾಲು ಪಾಲು ಎಣ್ಣೆ ತೆಗೆದ ಶೇಂಗಾ ಹಿಟ್ಟು, ಕಾಲು ಪಾಲು ಕಡಲೆ ಹಿಟ್ಟು. ಅದನ್ನು ಓದಿದಾಗ ನನಗೆ ಕಣ್ಣ ಮುಂದೆ ಬಂದದ್ದು ನಮ್ಮ ಊಟದ ತಟ್ಟೆ. ಒಂದು ಕಡೆ ಕಡಲೆಹಿಟ್ಟಿನ ಜುಣಕ, ಪಕ್ಕದಲ್ಲಿ ಶೇಂಗಾ ಹಿಂಡಿ. ಅದಕ್ಕೆ ಅಗಸಿ ಚಟ್ನಿ, ಗುರೆಳ್ಳು ಪುಡಿ ಸೇರಿಸಿದರೆ ಏನೂ ಪಲ್ಯ ಇಲ್ಲದ ದಿನವೂ ಆ ತಟ್ಟೆ ಬರಿದಲ್ಲ.

2015ರಲ್ಲಿ ತೊಗರಿಬೇಳೆ ಕಿಲೋಗೆ ಇನ್ನೂರರ ಹತ್ತಿರ ಹೋದಾಗ ಬಾಜಾರಿನಲ್ಲಿ ಜನ ಬೇಳೆಯನ್ನೇ ಬಿಡತೊಡಗಿದ್ದರು. ಹಾಗೆ ಬಿಡಬೇಕಾಗಿಲ್ಲ. ತೊಗರಿ ತುಟ್ಟಿಯಾದರೆ ಅರ್ಧ ತೊಗರಿ, ಅರ್ಧ ಮಸೂರು ಹಾಕಬಹುದು. ಹೆಸರುಬೇಳೆ ಹಾಕಬಹುದು. ಹುರುಳಿ ಕುದಿಸಿ ಕಟ್ಟು ಬಸಿದು ಸಾರು, ಉಳಿದ ಕಾಳಿಗೆ ಒಗ್ಗರಣೆ ಹಾಕಿ ಪಲ್ಯ ಮಾಡಬಹುದು. ಒಂದು ಕಾಳು, ಎರಡು ಅಡುಗೆ. ಮಡಕಿಯನ್ನು ರಾತ್ರಿ ನೆನೆಹಾಕಿ, ಬೆಳಗ್ಗೆ ಬಸಿದು, ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ ಮೂಲೆಯಲ್ಲಿಟ್ಟರೆ ಮರುದಿನ ಗಂಟು ಬಿಚ್ಚುವಾಗ ಬಿಳಿ ಮೊಳಕೆಗಳು ಬಟ್ಟೆಯ ನೇಯ್ಗೆಯೊಳಗೆ ಹೊಕ್ಕಿರುತ್ತವೆ. ಪಾವ್ ಕಿಲೋ ಕಾಳು ಬುಟ್ಟಿ ತುಂಬ ಆಗುತ್ತದೆ, ಒಣಕಾಳಿನಲ್ಲಿ ಇಲ್ಲದ ಸಿ ಜೀವಸತ್ವವೂ ಮೊಳಕೆಯಲ್ಲಿ ಹುಟ್ಟುತ್ತದೆ. ಹೀಗೆ ಮೊಳಕೆ ಕಟ್ಟುವುದನ್ನು ನನಗೆ ಪಕ್ಕದ ಮನೆಯ ಮರಾಠಿ ಕಾಕು ಹೇಳಿಕೊಟ್ಟರು. ಆ ಮೊಳಕೆಕಾಳಿನ ಪಲ್ಯಕ್ಕೆ, ಅಂದರೆ ಉಸಳಿಗೆ, ಕೊನೆಯಲ್ಲಿ ಒಂದು ಚೂರು ಬೆಲ್ಲ, ಒಂದು ಚೂರು ಹುಣಸೆ ಹಾಕಬೇಕು ಎಂದು ಕಲಿಸಿದವರೂ ಅವರೇ.

ಛಾವಣಿಯ ಊರಿನಲ್ಲಿ ಬಾಳುವುದರ ಲಾಭ ಇದು. ಗೋಡೆಗೆ ಗೋಡೆ ಹತ್ತಿದ ಮನೆಗಳಲ್ಲಿ ಒಗ್ಗರಣೆಯ ವಾಸನೆಯೇ ಪಾಠ. ಎದುರು ಮನೆಯ ತಮಿಳು ಅಕ್ಕ ನನಗೆ ನುಗ್ಗೆಸೊಪ್ಪಿನ ಬೆಲೆ ತಿಳಿಸಿದವರು. ನಮ್ಮ ಕಡೆ ನುಗ್ಗೆಕಾಯಿ ಗೊತ್ತಿತ್ತು, ಸೊಪ್ಪನ್ನು ಅಷ್ಟಾಗಿ ಬಳಸುತ್ತಿರಲಿಲ್ಲ. ಹಿತ್ತಲಲ್ಲಿ ಒಂದು ನುಗ್ಗೆಮರ ಇದ್ದರೆ ಸೊಪ್ಪು ಯಾವಾಗಲೂ ಪುಕ್ಕಟೆ. ಅದರಲ್ಲಿ ಕ್ಯಾಲ್ಸಿಯಂ, ಕಬ್ಬಿಣ, ಎ ಜೀವಸತ್ವ ಇರುವಷ್ಟು ಬಾಜಾರಿನ ಯಾವ ತುಟ್ಟಿಯ ತರಕಾರಿಯಲ್ಲೂ ಸಿಗುವುದು ಕಷ್ಟ. ಅಕ್ಕ ಎಲೆ ಬಿಡಿಸುವ ಬಗೆ ನೋಡಬೇಕು. ರಾತ್ರಿ ಟೊಂಗೆಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು ಬೆಳಗ್ಗೆ ಕೊಡವಿದರೆ ಎಲೆ ತಾವಾಗಿ ಉದುರುತ್ತವೆ. ಹೆಸರುಬೇಳೆಯ ಜೊತೆ ಅದರ ಪಲ್ಯ ಈಗ ನಮ್ಮ ಮನೆಯ ಅಡುಗೆಯೇ ಆಗಿದೆ. ರೇಷನ್ ಅಕ್ಕಿಯನ್ನು ಅನ್ನಕ್ಕಿಂತ ಇಡ್ಲಿ, ದೋಸೆಗೆ ಹಾಕಿದರೆ ಚೆನ್ನ ಎಂದು ತೋರಿಸಿದವರೂ ಅಕ್ಕನೇ. ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು. ಪ್ರತಿಯಾಗಿ ಪುಂಡಿಪಲ್ಯ, ಶೇಂಗಾ ಹಿಂಡಿ, ಹೋಳಿಗೆಯ ದಿನದ ಕಟ್ಟಿನ ಸಾರು ನಮ್ಮ ಮನೆಯಿಂದ ಹೋಗುತ್ತವೆ.

ತರಕಾರಿಯ ವಿಷಯದಲ್ಲಿ ನನ್ನ ನಿಯಮ ಒಂದೇ. ಮನೆಯಲ್ಲೇ ಇಂಥದ್ದು ಬೇಕು ಎಂದು ನಿಶ್ಚಯಿಸಿ ಬಾಜಾರಿಗೆ ಹೋಗಬಾರದು. ಆ ವಾರ ಯಾವುದು ಗುಡ್ಡೆ ಬಿದ್ದಿದೆಯೋ ಅದೇ ಅಡುಗೆ. ಕತ್ತಲಾಗುತ್ತಿದ್ದಂತೆ ತರಕಾರಿ ಮಾರುವ ಮಾವಶಿಯರು ಉಳಿದದ್ದನ್ನು ವಾಟಾ ಹಾಕುತ್ತಾರೆ. ನೆಲದ ಮೇಲೆ ಗೋಣಿಚೀಲ ಹಾಸಿ ಬದನೆ, ಹೀರೆ, ಮೂಲಂಗಿ, ಹಸಿಮೆಣಸು ಚಿಕ್ಕ ಚಿಕ್ಕ ಗುಂಪು ಮಾಡಿ, ತೂಗದೆ, ಒಂದು ಗುಂಪಿಗೆ ಇಷ್ಟು ಎಂದು ಕೂಗುತ್ತಾರೆ. ಮೆಂತ್ಯದ ಜುಡಿ, ಅಂದರೆ ಕಟ್ಟು, ಬೆಳಗಿನ ಅರ್ಧ ಬೆಲೆಗೆ ಸಿಗುತ್ತದೆ. ಎಲೆ ಸ್ವಲ್ಪ ಬಾಡಿರುತ್ತದೆ, ಕೊಳೆತಿರುವುದಿಲ್ಲ. ಆ ವ್ಯತ್ಯಾಸ ಕೈಗೆ ಗೊತ್ತಾಗಬೇಕು. ಮೂಲಂಗಿ ಕೊಳ್ಳುವಾಗ ಎಲೆ ಕತ್ತರಿಸಿ ಎಸೆಯಬೇಡಿ ಎಂದು ಮಾವಶಿಗೆ ಹೇಳುತ್ತೇನೆ. ಎಲೆಯಿಂದ ಕಡಲೆಬೇಳೆ ಹಾಕಿ ಒಂದು ಪಲ್ಯ, ಗಡ್ಡೆಯಿಂದ ಇನ್ನೊಂದು. ಹೂಕೋಸಿನ ದಂಟು ಸಾರಿಗೆ, ಹೀರೆಕಾಯಿಯ ಸಿಪ್ಪೆ ಚಟ್ನಿಗೆ, ಕೊತ್ತಂಬರಿಯ ಕಡ್ಡಿ ಮಸಾಲೆ ರುಬ್ಬಲಿಕ್ಕೆ. 2023ರ ಜುಲೈಯಲ್ಲಿ ಟೊಮೇಟೊ ಕಿಲೋಗೆ ನೂರು ದಾಟಿ ದೇಶವೆಲ್ಲ ಗೋಳಾಡುವಾಗ ನಮ್ಮ ಸಾರಿಗೆ ಏನೂ ಕೊರತೆಯಾಗಲಿಲ್ಲ. ಟೊಮೇಟೊ ಬರುವ ಮೊದಲು ನಮ್ಮ ಅಜ್ಜಿಯರು ಹುಳಿ ಉಣ್ಣುತ್ತಿರಲಿಲ್ಲವೇ? ಹುಣಸೆಹಣ್ಣು, ಮಾವಿನಕಾಯಿ, ಪುಂಡಿಪಲ್ಯ ಎಲ್ಲ ಹುಳಿಯೇ.

ಸೊಪ್ಪಿನ ಬಗ್ಗೆ, ಒರಟು ಹಿಟ್ಟಿನ ಬಗ್ಗೆ ಕೀಳಾಗಿ ಮಾತಾಡುವವರಿಗೆ ನಾನು ಈ ಊರಿಗೇ ಸೇರಿದ ಒಂದು ಕಥೆ ಹೇಳುತ್ತೇನೆ. ಖಡಕಿ ಬಾಂಬೆ ಸ್ಯಾಪರ್ಸ್ ಎಂಬ ಸೇನಾ ಎಂಜಿನಿಯರ್ ಪಡೆಯ ಮನೆ. ಮೊದಲ ಮಹಾಯುದ್ಧದಲ್ಲಿ ಪುಣೆಯ 6ನೇ ಡಿವಿಷನ್ನಿನ ಜೊತೆ ಈ ಸ್ಯಾಪರುಗಳೂ ಇಂದಿನ ಇರಾಕಿನ ಕುತ್ ಪಟ್ಟಣದಲ್ಲಿ ಸಿಕ್ಕಿಬಿದ್ದರು. 1915ರ ಡಿಸೆಂಬರಿನಿಂದ 1916ರ ಏಪ್ರಿಲ್ 29ರ ತನಕ ತುರ್ಕರ ಮುತ್ತಿಗೆ. ಬಿಳಿ ಹಿಟ್ಟಿನ ಬ್ರೆಡ್ಡು ತಿನ್ನುತ್ತಿದ್ದ ಬ್ರಿಟಿಷ್ ಸೈನಿಕರಿಗೆ ಬೆರಿಬೆರಿ ರೋಗ ಬಂತು. ತವುಡು ಸಮೇತದ ಆಟಾ, ಬೇಳೆ ತಿನ್ನುತ್ತಿದ್ದ ನಮ್ಮ ಸಿಪಾಯಿಗಳಿಗೆ ಅದು ಬರಲಿಲ್ಲ. ಬಿಳಿ ಹಿಟ್ಟು ಮುಗಿದು ಬ್ರಿಟಿಷರಿಗೂ ಒರಟು ಹಿಟ್ಟೇ ಗತಿಯಾದ ಮೇಲೆ ಅವರ ಬೆರಿಬೆರಿ ಇಳಿಯಿತು. ಆದರೆ ಸೊಪ್ಪು, ತರಕಾರಿ ಕಾಣದೆ, ಬಹುಕಾಲ ಕುದುರೆ ಮಾಂಸ ಮುಟ್ಟದೆ ಇದ್ದ ನಮ್ಮವರನ್ನು ಸ್ಕರ್ವಿ ಹಿಡಿಯಿತು, ವಸಡಿನಿಂದ ರಕ್ತ ಬಂತು. ಒರಟು ಹಿಟ್ಟು ಒಂದು ರೋಗ ತಡೆಯಿತು, ಒಂದು ಹಿಡಿ ಹಸಿರು ಇಲ್ಲದ್ದಕ್ಕೆ ಇನ್ನೊಂದು ರೋಗ ಬಂತು. ಇದನ್ನು ನೆನೆದೇ, ಬಾಜಾರಿನಲ್ಲಿ ಮೆಂತ್ಯದ ಜುಡಿ ಹತ್ತು ರೂಪಾಯಿಗೆ ಬಂದ ದಿನ ಎರಡು ಜುಡಿ ತಂದುಬಿಡುತ್ತೇನೆ.

ಸರ್ಕಾರದ ರೇಷನ್ನಿನ ಬಗ್ಗೆಯೂ ಎರಡು ಮಾತು ಹೇಳಲೇಬೇಕು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ತಲೆಗೆ ಐದು ಕಿಲೋ ಧಾನ್ಯ, ಅಕ್ಕಿಗೆ ಮೂರು ರೂಪಾಯಿ, ಗೋಧಿಗೆ ಎರಡು ರೂಪಾಯಿ ಎಂದಿತ್ತು. 2023ರ ಜನವರಿಯಿಂದ ಅದು ಪುಕ್ಕಟೆ. ಎಷ್ಟೋ ಮನೆಗಳನ್ನು ಅದು ಉಳಿಸಿದೆ, ನಾನು ಅದನ್ನು ಕಣ್ಣಾರೆ ಕಂಡಿದ್ದೇನೆ. ಆದರೆ ಅಕ್ಕಿ, ಗೋಧಿಯ ಜೊತೆ ಬೇಳೆ ಇಲ್ಲ. 2020ರ ಲಾಕ್‌ಡೌನಿನಲ್ಲಿ ಕೆಲವು ತಿಂಗಳು ಮನೆಗೆ ಒಂದು ಕಿಲೋ ಬೇಳೆ, ಆಮೇಲೆ ಕಡಲೆ ಕೊಟ್ಟರು. ನವೆಂಬರ್ ಮುಗಿದ ಮೇಲೆ ಅದೂ ನಿಂತಿತು. ತಮಿಳುನಾಡಿನಲ್ಲಿ ರೇಷನ್ ಅಂಗಡಿಯಲ್ಲೇ ಮೂವತ್ತು ರೂಪಾಯಿಗೆ ಒಂದು ಕಿಲೋ ತೊಗರಿಬೇಳೆ ಸಿಗುತ್ತದೆ. ಎದುರು ಮನೆಯ ಅಕ್ಕ ಅದನ್ನು ಹೇಳುವಾಗ ಅವರ ದನಿಯಲ್ಲಿ ತವರಿನ ಹೆಮ್ಮೆ ಇರುತ್ತದೆ. ಆ ಹೆಮ್ಮೆ ನ್ಯಾಯವಾದದ್ದೇ. ಒಂದು ಸರ್ಕಾರಕ್ಕೆ ಆದದ್ದು ಮಹಾರಾಷ್ಟ್ರಕ್ಕೂ ಆಗಬೇಕು, ಜೋಳ ಬೆಳೆಯುವ ನಾಡಿನ ರೇಷನ್ನಿನಲ್ಲಿ ಜೋಳವೂ ನಿತ್ಯ ಬರಬೇಕು.

ಗ್ಯಾಸಿನ ಉಳಿತಾಯವನ್ನು ಎಲ್ಲರೂ ಬಲ್ಲರು, ಅದನ್ನು ಬಿಡಿಸಿ ಹೇಳುವುದಿಲ್ಲ. ಕಾಳು ನೆನೆಸಿಡಿ, ಕುಕ್ಕರಿನಲ್ಲಿ ಕೆಳಗೆ ಬೇಳೆ, ಮೇಲೆ ಅಕ್ಕಿ ಇಡಿ, ಸೀಟಿಯಾದ ಮೇಲೆ ಉರಿ ಆರಿಸಿ ಆವಿಯಲ್ಲೇ ಬಿಡಿ.

ಉಳಿತಾಯದ ಎಲ್ಲ ಮಾತಿನಲ್ಲೂ ಯಾರೂ ಬಾಯಿ ಬಿಟ್ಟು ಹೇಳದ ಒಂದು ಉಳಿತಾಯ ಇದೆ. ಅದು ಅಡುಗೆ ಮಾಡುವವಳ ತಟ್ಟೆಯಿಂದ ಆಗುವ ಉಳಿತಾಯ. ನನ್ನ ಅತ್ತೆ ಇಷ್ಟೆಲ್ಲ ಬಲ್ಲವರು, ಬೇಳೆಯನ್ನು ಚೀಟಿಯ ತಲೆಯ ಮೇಲೆ ಬರೆಸಿದವರು, ತಾವು ಮಾತ್ರ ಎಲ್ಲರೂ ಎದ್ದ ಮೇಲೆ ಕುಳಿತು ಪಾತ್ರೆಯ ತಳದಲ್ಲಿ ಉಳಿದ ಸಾರಿನ ತಿಳಿ, ಒಂದು ಆರಿದ ರೊಟ್ಟಿ, ಹಸಿಮೆಣಸಿನ ಖಾರ ಉಂಡು ಬದುಕಿದವರು. ಕೊನೆಯ ಚೂರು ಪಲ್ಯ ಕಂಡರೆ "ಹುಡುಗ್ರಿಗೆ ನಾಳಿ ಡಬ್ಬಿಗೆ ಆಗ್ತದ" ಎಂದು ಮುಚ್ಚಿಡುತ್ತಿದ್ದರು. ಹಾಗೆ ಮಾಡದ ಹೆಂಗಸನ್ನು ಆ ಕಾಲದಲ್ಲಿ ಹೊಟ್ಟೆಬಾಕಿ ಅನ್ನುತ್ತಿದ್ದರು. ಈಗಲೂ ಅನ್ನುವವರಿದ್ದಾರೆ. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಮಹಾರಾಷ್ಟ್ರದಲ್ಲಿ 54, ಕರ್ನಾಟಕದಲ್ಲಿ 48ರ ಹತ್ತಿರ. ಈ ಅಂಕಿಯ ಹಿಂದೆ ಬೇರೆ ಕಾರಣಗಳೂ ಇವೆ. ಆದರೆ ಪಾತ್ರೆಯ ತಳವೂ ಅದರಲ್ಲಿ ಒಂದು ಎಂದು ಯಾವ ಅಡುಗೆಮನೆಯಲ್ಲಿ ನಿಂತು ನೋಡಿದರೂ ತಿಳಿಯುತ್ತದೆ.

ಅದಕ್ಕೇ ನಮ್ಮ ಮನೆಯಲ್ಲಿ ಒಂದು ಪದ್ಧತಿ ತಂದೆ. ಅಡುಗೆ ಮುಗಿದ ಕೂಡಲೇ, ಯಾರೂ ಕೂರುವ ಮೊದಲೇ, ಐದು ತಟ್ಟೆ ಸಾಲಾಗಿ ಇಟ್ಟು ಪಲ್ಯ, ಬೇಳೆ, ಮೊಟ್ಟೆ ಇದ್ದರೆ ಮೊಟ್ಟೆ, ಎಲ್ಲವನ್ನೂ ಐದಕ್ಕೂ ಹಂಚಿಬಿಡುತ್ತೇನೆ. ರೊಟ್ಟಿ, ಅನ್ನ ಬೇಕಾದಷ್ಟು ಆಮೇಲೆ ಹಾಕಿಕೊಳ್ಳಬಹುದು, ಹಂಚಿದ್ದನ್ನು ಮಾತ್ರ ಒಬ್ಬರ ತಟ್ಟೆಯಿಂದ ಇನ್ನೊಬ್ಬರಿಗೆ ಎತ್ತುವ ಹಾಗಿಲ್ಲ. ಮೊದಮೊದಲು ಅತ್ತೆ ತಮ್ಮ ಪಾಲನ್ನು ಮೊಮ್ಮಗನ ಕಡೆ ದೂಡುತ್ತಿದ್ದರು. "ಅತ್ತೀ, ಚೀಟಿ ಐದು ಮಂದಿಗೆ ಬರದೀವಿ" ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ ಉಂಡರು. ತಟ್ಟೆ ಎದುರಿಗೆ ಇಟ್ಟು ಎಲ್ಲರೂ ಒಟ್ಟಿಗೆ ಕುಳಿತದ್ದರಿಂದ ನಮ್ಮ ಮನೆಯವರಿಗೂ ಒಂದು ಸಂಗತಿ ಕಂಡಿತು, ಎರಡು ಬಟ್ಟಲು ಬೇಳೆ ಐದು ಜನಕ್ಕೆ ಸಾಲುವುದಿಲ್ಲ ಅನ್ನುವುದು. ಅಲ್ಲಿಯವರೆಗೆ ಅವರಿಗೆ ಅದು ಸಾಲುತ್ತಿರುವಂತೆಯೇ ಕಂಡಿತ್ತು, ಯಾಕೆಂದರೆ ಸಾಲದೇ ಹೋದ ಪಾಲು ಅವರ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಮುಂದಿನ ತಿಂಗಳು ಅವರೇ ಚೀಟಿಯಲ್ಲಿ ಬೇಳೆಯನ್ನು ಒಂದು ಕಿಲೋ ಹೆಚ್ಚು ಬರೆದು, ಎರಡು ಬಿಸ್ಕಿಟ್ ಪ್ಯಾಕೆಟ್ಟಿಗೆ ಗೆರೆ ಎಳೆದರು. ಊಟದ ಬೆನ್ನಿಗೇ ಚಹಾ ಕುಡಿಯುವುದನ್ನೂ ಬಿಟ್ಟೆವು, ಉಂಡ ಸೊಪ್ಪಿನ ಕಬ್ಬಿಣ ಮೈಗೆ ಹತ್ತದಂತೆ ಅದು ತಡೆಯುತ್ತದೆ. ಬದಲಿಗೆ ಪಲ್ಯದ ಮೇಲೆ ಅರ್ಧ ಲಿಂಬೆ ಹಿಂಡಿಕೊಳ್ಳುತ್ತೇವೆ.

ದುಡ್ಡು ಕಡಿಮೆ ಇರುವ ಮನೆಗಳ ಅಕ್ಕತಂಗಿಯರಲ್ಲಿ, ಅವರ ಗಂಡಂದಿರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟು. ಇವತ್ತು ರಾತ್ರಿಯೇ ತಟ್ಟೆಗಳನ್ನೆಲ್ಲ ಒಟ್ಟಿಗೆ ಇಟ್ಟು ಹಂಚಿ, ಒಟ್ಟಿಗೆ ಕುಳಿತು ಉಣ್ಣಿ. ಯಾರಿಗೆ ಕಡಿಮೆ ಬಿತ್ತು ನೋಡಿ, ಬರುವ ತಿಂಗಳ ಬೇಳೆಯನ್ನು ಅಷ್ಟು ಹೆಚ್ಚು ಬರೆಯಿರಿ.